ಎರಡೂವರೆ ವರ್ಷದ ಅಳಿಯ

ಸುದ್ದಿ ನೀವೂ ಓದಿದ್ದೀರಿ. ಜರ್ಮನಿಯ ಹರಾಜಿನಲ್ಲಿ ಈ ಸಲವೂ ಎರಡೂವರೆ ವರ್ಷದ ಗಂಡು ಕುದುರೆಯೊಂದು ಲಕ್ಷಗಟ್ಟಲೆ ಯೂರೋಗೆ ಹೋಯಿತು. ಅದರ ಬೆನ್ನ ಮೇಲೆ ಇನ್ನೂ ಯಾರೂ ಕೂತಿಲ್ಲ. ದೀಪ ಹಚ್ಚಿದ ಹಾಲ್‌ನಲ್ಲಿ ಸವಾರನಿಲ್ಲದೆ ನಾಲ್ಕು ಸಲ ಅಡ್ಡಗಂಬ ಹಾರಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬರುವ ವಸಂತಕ್ಕೆ ಈ ಅಳಿಯನಿಂದ ಮರಿ ಪಡೆಯಲು ಹೆಣ್ಣು ಕುದುರೆಗಳ ಕ್ಯೂ ಗ್ಯಾರಂಟಿ.

ಈ ಧೈರ್ಯಕ್ಕೆ ಕೈ ಮುಗಿಯಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ನೋಡಿ ನಕ್ಕಿದ್ದೇವೆ. ಇವರು ಕುಲಾವಿಯ ಮೇಲೆ ಒಲಿಂಪಿಕ್ ಬಳೆಗಳನ್ನೂ ಕಸೂತಿ ಹಾಕಿಬಿಟ್ಟಿದ್ದಾರೆ.

ಸುಮ್ನೆ ಒಂದು ಲೆಕ್ಕ ಹಾಕಿ. ವಸಂತಕ್ಕೆ ಅಳಿಯನಿಗೆ 3 ವರ್ಷ. ಗಬ್ಬ 11 ತಿಂಗಳು, ಮರಿ ಬೀಳುವಾಗ ಅವನಿಗೆ 4. ಮರಿಗೆ ಜೀನು ಹಾಕಿ ಹತ್ತುವ ಹೊತ್ತಿಗೆ 7 ಅಥವಾ 8. ಒಲಿಂಪಿಕ್ಸ್‌ನಲ್ಲಿ ಜಂಪಿಂಗ್‌ಗೆ ಇಳಿಯಲು ಕುದುರೆಗೆ ಕನಿಷ್ಠ 9 ವರ್ಷ ಆಗಿರಬೇಕು. ಅಂದರೆ ಅಷ್ಟರಲ್ಲಿ ಅಪ್ಪನಿಗೆ 13. ಏನೂ ಗೊತ್ತಿಲ್ಲದ ಮೊದಲ ವರ್ಷ ಬಾಗಿಲಲ್ಲಿ ಜಾತ್ರೆ. ಮರಿಗಳು ಸವಾರಿಗೆ ಬಂದು ಏನಾದರೂ ಗೊತ್ತಾಗುವ ಹೊತ್ತಿಗೆ ನಾಯಿಯೂ ಮೂಸಿ ನೋಡುವುದಿಲ್ಲ. ಅಷ್ಟರಲ್ಲಿ ಕೆಲವರ ಬೀಜವನ್ನೂ ತೆಗೆಸಿರುತ್ತಾರೆ. ಚಾಕೊ-ಬ್ಲೂ ಎಂಬ ಕುದುರೆ 1998ರಲ್ಲಿ ಹುಟ್ಟಿ 2012ರಲ್ಲಿ ಸತ್ತಿತು. ಜಂಪಿಂಗ್ ಕುದುರೆಗಳ ಅಪ್ಪಂದಿರ ವಿಶ್ವ ರ‍್ಯಾಂಕಿಂಗ್‌ನಲ್ಲಿ ಅದರ ಹೆಸರು ಮೇಲಕ್ಕೇರಿದ್ದು ಆಮೇಲೆ.

ಹರಾಜಿನ ವಿಡಿಯೋ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಎಲ್ಲವೂ ಸ್ಲೋ ಮೋಷನ್, ಹಿಂದೆ ಪಿಯಾನೊ. ಅಷ್ಟು ನಿಧಾನ ಮಾಡಿದರೆ ಮೆಟ್ಟಿಲಲ್ಲಿ ಜಾರಿ ಬೀಳುವವನೂ ನಾಟ್ಯ ಮಾಡಿದಂತೆ ಕಾಣುತ್ತಾನೆ. ಕ್ಯಾಟಲಾಗ್‌ನಲ್ಲಿ ಪ್ರತಿ ಕುದುರೆಯೂ ‘ಭರವಸೆಯ’ ಕುದುರೆ. ಭರವಸೆ ಕೊಟ್ಟವರು ಯಾರು? ಕುದುರೆಯಂತೂ ಏನೂ ಹೇಳಿಲ್ಲ. ಅದು ಹುಲ್ಲಿನ ಕಡೆ ನೋಡುತ್ತಿತ್ತು.

ಯಾರಾದರೂ ಮೊದಲು ಹೋಗಲೇಬೇಕಲ್ಲ ಅನ್ನುತ್ತೀರಿ. ಹೌದು, ಒಪ್ಪಿದೆ. ಎಲ್ಲರೂ ಕಾಯುತ್ತಾ ಕೂತರೆ ಮರಿಯೇ ಇರುವುದಿಲ್ಲ. ಆದರೆ ಅಳಿಯನ ತಾಯಿ, ಅಕ್ಕ-ಅಣ್ಣಂದಿರು ಅಖಾಡದಲ್ಲಿ ಏನು ಮಾಡಿದ್ದಾರೆ ನೋಡಿ. ಈಗಾಗಲೇ ಒಳ್ಳೆಯ ಮರಿ ಕೊಟ್ಟ ಹೆಣ್ಣು ಕುದುರೆ ನಿಮ್ಮ ಹತ್ತಿರ ಇದ್ದರೆ ಒಂದು ಸಲ ಪ್ರಯತ್ನಿಸಿ. ಆಮೇಲೆ ಕಾಯಿರಿ. ಅಳಿಯನ ವೀರ್ಯ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಅದಕ್ಕಿರುವ ತಾಳ್ಮೆ ಮನುಷ್ಯನಿಗಿಲ್ಲ.

ನಗುತ್ತಾ ಶುರು ಮಾಡಿದೆ, ಈಗ ನಗು ಬರುತ್ತಿಲ್ಲ. ಮರಿಯ ಅರ್ಧ ತಾಯಿಯದು. ಆ ತಾಯಿಯ ಹೆಸರು ಪೋಸ್ಟರ್‌ನಲ್ಲಿ ಹುಡುಕಿ ನೋಡಿ. ಹನ್ನೊಂದು ತಿಂಗಳು ಹೊರುವವಳು ಅವಳು. ವಾರ್ಮ್‌ಬ್ಲಡ್ ಎಂಬ ಈ ಸವಾರಿ ಕುದುರೆ ತಳಿಗಳಲ್ಲಿ ಚರ್ಮ ಹರಿದು ಮರಿ ಸಾಯುವ ಒಂದು ಆನುವಂಶಿಕ ಕಾಯಿಲೆಯಿದೆ. ಅಪ್ಪ-ಅಮ್ಮ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಪರೀಕ್ಷೆಗೆ ಬೇಕಾದದ್ದು ಬುಡಸಮೇತ ಕಿತ್ತ ಒಂದಷ್ಟು ಕೂದಲು, ಅಷ್ಟೇ. ಅದನ್ನೂ ಕೇಳದೆ, ಪಿಯಾನೊ ಕೇಳಿ ಬುಕ್ ಮಾಡುವುದಕ್ಕೆ ಏನನ್ನಬೇಕು? ಸತ್ತ ಮರಿಗೆ ಸ್ಲೋ ಮೋಷನ್ ವಿಡಿಯೋ ಯಾರೂ ಮಾಡುವುದಿಲ್ಲ.

ಮುಂದಿನ ಹರಾಜಿನ ಕ್ಯಾಟಲಾಗ್ ಆಗಲೇ ಬಂದಿದೆ. ಮುಖಪುಟದ ಹುಡುಗನ ಕಾಲು ಚೆನ್ನಾಗಿದೆ, ಸುಳ್ಳು ಹೇಳಬಾರದು. ಎರಡು ಸಲ ನೋಡಿದೆ.