ಬೆಂಟ್ಲಿ 8 ಲೀಟರ್, ಫ್ಯಾಂಟಮ್ 2 ಕಾಂಟಿನೆಂಟಲ್: ದೂರದ ದಾರಿಗೆ ಯಾವುದು ಮೇಲು?

1930ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಬೆಂಟ್ಲಿ 8 ಲೀಟರ್ ಕಾರು ಕಾಣಿಸಿಕೊಂಡಾಗ ಅದರ ಬರಿಯ ಷಾಸಿಗೇ, ಅಂದರೆ ಬಾಡಿಯಿಲ್ಲದ, ಎಂಜಿನ್ ಮತ್ತು ಚಕ್ರಗಳಷ್ಟೇ ಇರುವ ಚೌಕಟ್ಟಿಗೇ, 1,850 ಪೌಂಡ್ ಬೆಲೆಯಿತ್ತು. ಅದೇ ವರ್ಷ ರೋಲ್ಸ್-ರಾಯ್ಸ್ ತನ್ನ ಫ್ಯಾಂಟಮ್ 2ರ ಕಾಂಟಿನೆಂಟಲ್ ಮಾದರಿಯನ್ನು ಹೊರತಂದಿತು. ಹಳೆಯ ಕಾರುಗಳ ಆಸಕ್ತರು ಈ ಎರಡನ್ನೂ ಹೋಲಿಸುವಾಗ ವೇಗವನ್ನು ಬೆಂಟ್ಲಿಗೂ ನಯವನ್ನು ರೋಲ್ಸ್‌ಗೂ ಹಂಚಿಕೊಟ್ಟು ಮಾತು ಮುಗಿಸುವುದುಂಟು. ಈ ಹಂಚಿಕೆಯನ್ನು ನಾನು ಒಪ್ಪುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸದ್ದಿಲ್ಲದೆ, ದಣಿವಿಲ್ಲದೆ ದೂರ ಕ್ರಮಿಸುವುದೇ ಅಳತೆಗೋಲಾದರೂ ಬೆಂಟ್ಲಿಯೇ ಮೇಲು ಎಂಬುದು ನನ್ನ ನಿಲುವು.

ಎಂಜಿನ್‌ಗಳ ಗಾತ್ರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಎರಡರಲ್ಲೂ ಸಾಲಾಗಿ ಆರು ಸಿಲಿಂಡರ್‌ಗಳು, ಎರಡರಲ್ಲೂ ಪಿಸ್ಟನ್ ಚಲಿಸುವ ದೂರ ಸುಮಾರು 140 ಮಿಲಿಮೀಟರ್. ಬೆಂಟ್ಲಿಯದು 7,983 ಸಿಸಿ, ಫ್ಯಾಂಟಮ್‌ನದು 7,668 ಸಿಸಿ. ವ್ಯತ್ಯಾಸವಿರುವುದು ಎಂಜಿನ್ ಉಸಿರಾಡುವ ಬಗೆಯಲ್ಲಿ. ಬೆಂಟ್ಲಿಯ ಪ್ರತಿ ಸಿಲಿಂಡರ್‌ಗೆ ಇಂಧನ-ಗಾಳಿಯನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ನಾಲ್ಕು ವಾಲ್ವ್‌ಗಳಿದ್ದು, ಅವುಗಳನ್ನು ನಡೆಸುವ ಕ್ಯಾಮ್‌ಶಾಫ್ಟ್ ಎಂಜಿನ್ನಿನ ನೆತ್ತಿಯಲ್ಲೇ ತಿರುಗುತ್ತದೆ. ಫ್ಯಾಂಟಮ್‌ನ ಎರಡೆರಡು ವಾಲ್ವ್‌ಗಳನ್ನು ಕೆಳಗಿನಿಂದ ಪುಶ್‌ರಾಡ್‌ಗಳೆಂಬ ಉದ್ದನೆಯ ಸರಳುಗಳು ಎತ್ತುತ್ತವೆ. ಹೀಗಾಗಿ ಬೆಂಟ್ಲಿಗೆ ಸುಮಾರು 200 ಅಶ್ವಶಕ್ತಿ ದಕ್ಕಿತು. ರೋಲ್ಸ್-ರಾಯ್ಸ್ ತನ್ನ ಎಂಜಿನ್ನಿನ ಶಕ್ತಿಯನ್ನು ಪ್ರಕಟಿಸುತ್ತಲೇ ಇರಲಿಲ್ಲ. ಬೆಂಟ್ಲಿ ಭಾರವಾದ ಮುಚ್ಚಿದ ಬಾಡಿಯನ್ನು ಹೊತ್ತೇ ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಮುಟ್ಟುತ್ತಿತ್ತು. ಕಾಂಟಿನೆಂಟಲ್ 90 ಮೈಲಿಗಿಂತ ತುಸು ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು.

ಹತ್ತು ಮೈಲಿಯೊಳಗಿನ ಈ ಅಂತರವನ್ನು ನಾನು ಪಂದ್ಯದ ಗೆಲುವಿನಂತೆ ಎಣಿಸುತ್ತಿಲ್ಲ. ಗಂಟೆಗೆ 70 ಮೈಲಿಯಲ್ಲಿ ಹೊತ್ತುಗಟ್ಟಲೆ ಸಾಗುವಾಗ ಯಾವ ಎಂಜಿನ್ನಿಗೆ ಹೆಚ್ಚು ಶಕ್ತಿ ಮಿಕ್ಕಿರುತ್ತದೆಯೋ ಅದು ಏದುಸಿರು ಬಿಡುವುದಿಲ್ಲ, ಏರು ಬಂದರೆ ಗೇರ್ ಬದಲಿಸುವಂತೆ ಚಾಲಕನನ್ನು ಪೀಡಿಸುವುದೂ ಇಲ್ಲ. ಬೆಂಟ್ಲಿ ಮೇಲಿನ ಗೇರ್‌ನಲ್ಲೇ ನಡಿಗೆಯ ವೇಗಕ್ಕಿಳಿದು, ಅಲ್ಲಿಂದಲೇ ಮತ್ತೆ ಚೇತರಿಸಿಕೊಂಡು ಮುನ್ನುಗ್ಗಬಲ್ಲದು. ಜೊತೆಗೆ, ಅದನ್ನು ರೂಪಿಸಿದ ಡಬ್ಲ್ಯು. ಓ. ಬೆಂಟ್ಲಿಯವರ ಗುರಿ ಬರಿಯ ವೇಗವಾಗಿರಲಿಲ್ಲ, ಸದ್ದಿಲ್ಲದ ವೇಗವಾಗಿತ್ತು. ಡಾಂಕಾಸ್ಟರ್‌ನ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತಿದ್ದ ಅವರು, ಕ್ಯಾಮ್‌ಶಾಫ್ಟ್ ತಿರುಗಿಸಲು ಸರಪಳಿಯನ್ನು ಬಿಟ್ಟು, ಉಗಿಬಂಡಿಯ ಚಕ್ರಗಳನ್ನು ಜೋಡಿಸುವ ದಂಡಗಳನ್ನು ನೆನಪಿಸುವ ಮೂರು ದಂಡಗಳ ಏರ್ಪಾಟನ್ನು ಬಳಸಿದರು. ಶಬ್ದ ತಗ್ಗಿಸುವುದಕ್ಕಾಗಿ ಇಷ್ಟು ಶ್ರಮಪಟ್ಟ ಕಾರನ್ನು ಒರಟು ಎಂದು ಕರೆಯುವುದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ರೋಲ್ಸ್ ಪರ. ಗೇರ್‌ಬಾಕ್ಸ್‌ನಿಂದಲೇ ತಿರುಗುವ ಒಂದು ಘರ್ಷಣಾ ತಟ್ಟೆಯು ಚಾಲಕನ ಕಾಲಿನ ಒತ್ತಡವನ್ನು ಹೆಚ್ಚಿಸಿ ನಾಲ್ಕೂ ಚಕ್ರಗಳಿಗೆ ತಲುಪಿಸುವ ಅದರ ವ್ಯವಸ್ಥೆ ಅಚ್ಚುಕಟ್ಟಾದುದು. ಬ್ರೇಕ್ ಒತ್ತಲು ಬೆಂಟ್ಲಿಯಲ್ಲಿರುವ ನಿರ್ವಾತದ (ವ್ಯಾಕ್ಯೂಮ್) ನೆರವು ಕೆಲಸಕ್ಕೆ ಸಾಕು, ಆದರೆ ಆ ನಾಜೂಕು ಅದಕ್ಕಿಲ್ಲ. ಕಾಂಟಿನೆಂಟಲ್‌ನ ಗಿಡ್ಡ ಷಾಸಿಯೂ ಬಿಗಿಯಾದ ಸ್ಪ್ರಿಂಗ್‌ಗಳೂ ಯುರೋಪಿನ ಉದ್ದನೆಯ ರಸ್ತೆಗಳಲ್ಲಿ ವೇಗವಾಗಿ ಓಡಿಸುವುದಕ್ಕೆಂದೇ ಬಂದವು. ಸಾಮಾನ್ಯ ಫ್ಯಾಂಟಮ್‌ನ 150 ಇಂಚಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಇಲ್ಲಿ 144ಕ್ಕೆ ಇಳಿಯಿತು. ಬೆಂಟ್ಲಿಯ ಎರಡು ಷಾಸಿಗಳಲ್ಲಿ ಗಿಡ್ಡದ್ದರ ಅಳತೆಯೂ ಅಷ್ಟೇ ಆದ್ದರಿಂದ ನ್ಯಾಯವಾದ ಹೋಲಿಕೆ ಈ ಎರಡರ ನಡುವೆ ಮಾತ್ರ ಸಾಧ್ಯ.

ಅದರಲ್ಲೂ ಎಚ್ಚರ ಬೇಕು. ಎರಡೂ ಕಂಪನಿಗಳು ಷಾಸಿಯನ್ನಷ್ಟೇ ಮಾರುತ್ತಿದ್ದವು. ಬಾಡಿ ಕಟ್ಟುವವರು ಬೇರೆ. ಇಂದು ಕಾಣಸಿಗುವ 8 ಲೀಟರ್ ಕಾರುಗಳಲ್ಲಿ ಹಲವು ಮೂಲದ ಭಾರವಾದ ಸಲೂನ್ ಬಾಡಿಯನ್ನು ಕಳಚಿಕೊಂಡು ಹಗುರವಾದ ತೆರೆದ ಬಾಡಿ ತೊಟ್ಟಿವೆ. ಅಂಥ ಕಾರಿನ ಚುರುಕನ್ನು ಮುಚ್ಚಿದ ಕಾಂಟಿನೆಂಟಲ್‌ನೊಂದಿಗೆ ಹೋಲಿಸಿ ಬೆಂಟ್ಲಿಯನ್ನು ಗೆಲ್ಲಿಸಿದರೆ ಆ ತೀರ್ಪನ್ನು ನಾನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ.

ವರ್ಷವನ್ನೂ ನೋಡಬೇಕು. ಬೆಂಟ್ಲಿ ಕಂಪನಿ 1931ರಲ್ಲಿ ದಿವಾಳಿಯಾಯಿತು. ಅದೇ ವರ್ಷ ರೋಲ್ಸ್-ರಾಯ್ಸ್ ಅದನ್ನು ಕೊಂಡುಕೊಂಡಿತು, 8 ಲೀಟರ್ ನೂರೇ ಕಾರುಗಳಿಗೆ ನಿಂತಿತು. ಫ್ಯಾಂಟಮ್ 2 ಮಾತ್ರ 1935ರವರೆಗೂ ತಿದ್ದಿಸಿಕೊಳ್ಳುತ್ತಾ ಹೋಯಿತು. ಮೂರನೆಯ ಮತ್ತು ನಾಲ್ಕನೆಯ ಗೇರ್‌ಗಳಿಗೆ ಸಿಂಕ್ರೊಮೆಶ್, ಅಂದರೆ ಗೇರ್‌ಗಳ ವೇಗವನ್ನು ತಾನೇ ಹೊಂದಿಸಿ ಬದಲಾವಣೆಯನ್ನು ಸುಲಭಗೊಳಿಸುವ ಏರ್ಪಾಟು, ಬಂದದ್ದೇ 1932ರಲ್ಲಿ. ಕಾಂಟಿನೆಂಟಲ್‌ನ ಗೇರ್ ಬದಲಾವಣೆ ಬೆಣ್ಣೆಯಂತೆ ಎಂದು ಹೊಗಳುವವರು, ತಾವು ಹೊಗಳುತ್ತಿರುವ ಕಾರು ಯಾವ ವರ್ಷದ್ದು ಎಂಬುದನ್ನು ದಯವಿಟ್ಟು ಮೊದಲು ತಿಳಿಸಲಿ.