ಹಳೆ ಜಿಪ್ಸಿಗೆ ಹೊಸ ಎಂಜಿನ್ ಯಾಕೆ? ಮೊದಲು ಕಾಟಾಕ್ಕೆ ಹತ್ತಿಸಿ

ಮಳೆಗಾಲ ಬಂದರೆ ಸಾಕು, ಅದೇ ಪ್ರಶ್ನೆಗಳು ಶುರು: ಹಳೆ ಮಾರುತಿ ಜಿಪ್ಸಿ ಏರು ಹತ್ತವಲ್ದು, ಯಾವ ಎಂಜಿನ್ ಕೂರಿಸಲಿ, ಎಷ್ಟು ಇಂಚು ಎತ್ತರಿಸಲಿ, ಯಾವ ಮಡ್ ಟೈರ್ ಹಾಕಲಿ? ಈ ಮೂರಕ್ಕೂ ಲಕ್ಷದ ಲೆಕ್ಕದಲ್ಲಿ ದುಡ್ಡು ಸುರಿಯುವ ಮುಂಚೆ ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾಕ್ಕೆ ಗಾಡಿ ಹತ್ತಿಸಿ ಚೀಟಿ ತಗೊಳ್ಳಿ.

ಸಾಫ್ಟ್ ಟಾಪ್ (ಬಟ್ಟೆ ಹುಡ್‌ನ) ಜಿಪ್ಸಿ ಕಿಂಗ್ ಕಂಪನಿಯಿಂದ ಹೊರಬಿದ್ದಾಗ 985 ಕೆಜಿ. ಮುಂದೆ ಗಾರ್ಡ್, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಮೇಲೆ ಕ್ಯಾರಿಯರ್, ಒಳಗೆ ದಪ್ಪ ಪತ್ರಾದ ನೆಲ ಹಾಕಿಸಿಕೊಂಡ ಗಾಡಿ 1,150 ಕೆಜಿ ದಾಟಿದ್ದರೆ ಅಚ್ಚರಿಪಡಬೇಡಿ. 1.3 ಲೀಟರಿನ ಹಳೆ ಕಾರ್ಬ್ಯುರೇಟರ್ ಎಂಜಿನ್ ಕೊಡುವುದೇ ಸುಮಾರು 60 ಅಶ್ವಶಕ್ತಿ. 20 ಡಿಗ್ರಿ ಏರಿನಲ್ಲಿ ಗಾಡಿಯನ್ನು ಹಿಂದಕ್ಕೆಳೆಯುವ ಬಲ ಅದರ ತೂಕದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. 150 ಕೆಜಿ ಇಳಿಸಿದರೆ 50 ಕೆಜಿಯಷ್ಟು ಎಳೆತ ಅಲ್ಲೇ ಉಳಿಯಿತು, ಕ್ಲಚ್ ಸುಡುವುದೂ ತಪ್ಪಿತು.

ಕಾಟಾದಲ್ಲಿ ಮೂರು ಸಲ ತೂಗಿಸಿ: ಇಡೀ ಗಾಡಿ, ಮುಂದಿನ ಎರಡು ಗಾಲಿ ಮಾತ್ರ, ಹಿಂದಿನ ಎರಡು ಮಾತ್ರ. ಲಾರಿ ಕಾಟಾ 5 ಅಥವಾ 10 ಕೆಜಿ ಅಂತರದಲ್ಲೇ ತೋರಿಸುವುದರಿಂದ, ಬಿಚ್ಚಿದ ಬಿಡಿಭಾಗಗಳನ್ನು ಕಾಳಿನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ.

ಮೊದಲು ಹೋಗಬೇಕಾದ್ದು ಮುಂದಿನ ಗಾರ್ಡ್. 2 ಇಂಚಿನ ಮಧ್ಯಮ ದರ್ಜೆಯ ನೀರಿನ ಪೈಪು ಮೀಟರಿಗೆ ಸುಮಾರು 5 ಕೆಜಿ. ಆರು ಮೀಟರ್ ಬಾಗಿಸಿ ವೆಲ್ಡ್ ಮಾಡಿದರೆ 30 ಕೆಜಿ ಆಯಿತು. ಜಿಪ್ಸಿಯ ವೀಲ್‌ಬೇಸ್ 2,375 ಮಿಮೀ. ಗಾರ್ಡ್ ಮುಂದಿನ ಆಕ್ಸಲ್‌ಗಿಂತ 600 ಮಿಮೀ ಮುಂದೆ ಕೂತರೆ ಆ 30 ಕೆಜಿ ಮುಂದಿನ ಗಾಲಿಗಳ ಮೇಲೆ 37-38 ಕೆಜಿಯಾಗಿ ಬೀಳುತ್ತದೆ, ಹಿಂದಿನ ಗಾಲಿಗಳಿಂದ 7-8 ಕೆಜಿ ಕಸಿಯುತ್ತದೆ. ಹಳ್ಳಕ್ಕೆ ಇಳಿದಾಗ ಮೂತಿ ರಾಡಿಯಲ್ಲಿ ಊರುವುದು ಇದಕ್ಕೇ. ಮೇಲಾಗಿ ಇಂಥ ಗಾರ್ಡ್ ಹಾಕಲು ಬಿಡಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಗುಜರಿಗೆ ಹಾಕಿ, ಕಂಪನಿ ಬಂಪರ್ ಕೂರಿಸಿ.

ವಿಂಚ್ ಬೇಕೇ ಬೇಕು ಅನ್ನುವವರು ಕನಿಷ್ಠ ಹಗ್ಗ ಬದಲಿಸಿ. 8 ಮಿಮೀ ತಂತಿ ಹಗ್ಗ 27 ಮೀಟರ್‌ಗೆ 7 ಕೆಜಿ ಆಸುಪಾಸು, ಸಿಂಥೆಟಿಕ್ ಹಗ್ಗ ಒಂದೂವರೆ ಕೆಜಿ ಒಳಗೆ. ಆದರೆ ತಂತಿ ಕೊರೆದು ಗೀರು ಬಿದ್ದ ಹಳೆ ರೋಲರ್ ಮೇಲೆ ಸಿಂಥೆಟಿಕ್ ಓಡಿಸಿದರೆ ಅದು ಎಳೆಎಳೆಯಾಗಿ ಹರಿಯುತ್ತದೆ. ನುಣ್ಣನೆಯ ಅಲ್ಯುಮಿನಿಯಂ ಫೇರ್‌ಲೀಡ್ (ಹಗ್ಗ ಹಾದುಬರುವ ಬಾಯಿ) ಜೊತೆಗೇ ಹಾಕಿಸಿ. ಜಾಂಬೋಟಿ, ಕಣಕುಂಬಿ ಕಡೆಯ ಕೆಂಪು ಮಣ್ಣಿನ ಹರಳು ಹಗ್ಗದ ಒಳಗೆ ಹೊಕ್ಕು ಕೊರೆಯುತ್ತದೆ, ಅದಕ್ಕೇ ಪ್ರತಿ ಸಲ ಬಕೆಟ್ ನೀರಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸಬೇಕು.

ಗ್ಯಾರೇಜಿನವರು ಹೇಳದ ಭಾರ ನೆಲದಲ್ಲಿದೆ. ತುಕ್ಕು ಹಿಡಿದ ನೆಲ ಕತ್ತರಿಸದೆ, ಅದರ ಮೇಲೇ 3 ಮಿಮೀ ಪತ್ರಾ ಹೊಡೆದುಬಿಡುವುದು ನಮ್ಮ ಕಡೆ ಸುಲಭದ ರಿಪೇರಿ. ಚದರ ಮೀಟರಿಗೆ 23.5 ಕೆಜಿ. 1.8 ಚದರ ಮೀಟರ್ ನೆಲಕ್ಕೆ 42 ಕೆಜಿ, ಚೆಕರ್ ಪ್ಲೇಟ್ ಆದರೆ ಇನ್ನೂ ಜಾಸ್ತಿ. ಅದರಡಿ ಕೊಳೆತ ಹಳೆ ಪತ್ರಾ, ನಡುವೆ ನೀರು. ಎಲ್ಲ ಕಿತ್ತು, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, 1 ಮಿಮೀ ಸಿಆರ್ (ಕೋಲ್ಡ್ ರೋಲ್ಡ್) ಪತ್ರಾಕ್ಕೆ ಉಬ್ಬುಗೆರೆ ಒತ್ತಿಸಿ ಕೂರಿಸಿದರೆ 14 ಕೆಜಿಯಲ್ಲಿ ಕೆಲಸ ಮುಗಿಯುತ್ತದೆ. ಉಬ್ಬುಗೆರೆ ಇಲ್ಲದಿದ್ದರೆ ಡಬ್ಬದ ಹಾಗೆ ಬಡಿದುಕೊಳ್ಳುತ್ತದೆ. ಬೆಳಗಾವಿಯವರಾದರೆ ಉದ್ಯಮಬಾಗದಲ್ಲಿ ಇದನ್ನು ಒತ್ತಿಕೊಡುವ ಶೆಡ್ ಹುಡುಕುವುದು ಕಷ್ಟವಲ್ಲ. ಅಲ್ಯುಮಿನಿಯಂ ಹಾಕೋಣ ಅನ್ನುವವರು ನೆನಪಿಡಿ: ಒದ್ದೆ ಮಣ್ಣಿನಲ್ಲಿ ಕಬ್ಬಿಣಕ್ಕೆ ನೇರ ತಾಗಿದರೆ ಕೂಡುವ ಜಾಗದಲ್ಲೇ ಅದು ಪುಡಿಯಾಗುತ್ತದೆ, ನಡುವೆ ರಬ್ಬರ್ ಪಟ್ಟಿ ಬೇಕೇ ಬೇಕು. ಇದೇ ಹೊತ್ತಿಗೆ ಚಾಸಿಯ ತೂತುಗಳೊಳಗೆ ಪೈಪ್ ಬಿಟ್ಟು ಒಣಗಿದ ಮಣ್ಣು ತೊಳೆಸಿ. ಪ್ರತಿ ವರ್ಷ ಬಳಿದ ಡಾಂಬರನ್ನೂ ಕೆರೆಸಿ, ಅದರಡಿ ತುಕ್ಕು ಎಲ್ಲಿದೆ ಎಂಬುದು ಆಗಲೇ ಗೊತ್ತಾಗುವುದು.

ಟಾಪ್ ಮೇಲಿನ ಕ್ಯಾರಿಯರ್‌ಗೆ ಹೆಚ್ಚು ಮಾತು ಬೇಡ, ಬಿಚ್ಚಿ. ಪಕ್ಕಕ್ಕೆ ವಾಲಿದಾಗ ಮೇಲಿನ 20 ಕೆಜಿ ಮಾಡುವ ಹಾನಿಯನ್ನು ಚಾಸಿ ಮಟ್ಟದ 50 ಕೆಜಿ ಮಾಡುವುದಿಲ್ಲ. ಹಾರ್ಡ್ ಟಾಪ್‌ಗಿಂತ ಹುಡ್‌ನ ಗಾಡಿ ಕಂಪನಿ ಲೆಕ್ಕದಲ್ಲೇ ಸುಮಾರು 35 ಕೆಜಿ ಹಗುರ. 48 ಇಂಚಿನ ಹೈ-ಲಿಫ್ಟ್ ಜಾಕ್ 13 ಕೆಜಿ ಆಸುಪಾಸು. ಅದರ ಬದಲು ಬಾಟಲ್ ಜಾಕ್ ಮತ್ತು ಒಂದು ಅಡಿ ಅಗಲದ ಹಲಗೆ ಇಡಿ, ಹಲಗೆ ಇಲ್ಲದೆ ರಾಡಿಯಲ್ಲಿ ಗಾಡಿ ಏಳುವ ಬದಲು ಜಾಕ್ ಇಳಿಯುತ್ತದೆ. 40 ಲೀಟರ್ ಪೆಟ್ರೋಲ್ ಅಂದರೆ 30 ಕೆಜಿ. ಅರ್ಧ ದಿನದ ಓಡಾಟಕ್ಕೆ ಅರ್ಧ ಟ್ಯಾಂಕ್ ಸಾಕು, ಆದರೆ ಕಾಲು ಭಾಗಕ್ಕಿಂತ ಕೆಳಗಿಳಿದರೆ ಕಡಿದಾದ ಏರಿನಲ್ಲಿ ಪಂಪ್ ಗಾಳಿ ಎಳೆದು ಎಂಜಿನ್ ನಿಲ್ಲುತ್ತದೆ.

ಗಾಲಿಯ ತೂಕ ಬೇರೆಯೇ ಲೆಕ್ಕ. ಅದು ಪಾಟಾದ (ಲೀಫ್ ಸ್ಪ್ರಿಂಗ್) ಕೆಳಗಿರುವ ಭಾರ, ಜೊತೆಗೆ ತಿರುಗುವ ಭಾರ. ಮೂಲ 205/70 ಆರ್15 ಬಿಟ್ಟು ದಪ್ಪ ಮಡ್ ಟೈರ್ ಹಾಕಿದರೆ ಒಂದೊಂದಕ್ಕೆ ಐದಾರು ಕೆಜಿ ಏರಬಹುದು. ಎಂಜಿನ್ ಅದನ್ನು ಪ್ರತಿ ಗೇರಿನಲ್ಲೂ ತಿರುಗಿಸಬೇಕು, ಬ್ರೇಕ್ ನಿಲ್ಲಿಸಬೇಕು. ಅಗ್ಗದ ಅಲಾಯ್ ಹಗುರ ಎಂದು ನಂಬಬೇಡಿ, ತಕ್ಕಡಿಗೆ ಇಡಿ. ಕಬ್ಬಿಣದ ರಿಮ್ ಕಲ್ಲಿಗೆ ಬಡಿದರೆ ಬಾಗುತ್ತದೆ, ಸುತ್ತಿಗೆಯಲ್ಲಿ ನೇರ ಮಾಡಿಕೊಂಡು ಊರು ಸೇರಬಹುದು. ಅಲಾಯ್ ಸೀಳಿದರೆ ಅಲ್ಲಿಗೆ ಮುಗಿಯಿತು.

ಇಷ್ಟು ಇಳಿಸಿದ ಮೇಲೂ ಹಲವರು ಹವಾ ಮುಟ್ಟುವುದಿಲ್ಲ, ಅರ್ಧ ಲಾಭ ಅಲ್ಲೇ ಹೋಯಿತು. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಒಳಗಿನ ಹವಾದಷ್ಟೇ. ತೂಕ ಕಡಿಮೆಯಾಗಿ ಹವಾ ಅಷ್ಟೇ ಇದ್ದರೆ ಟೈರ್ ಉಬ್ಬಿ ನಿಂತು ನೆಲ ಹಿಡಿಯುವ ಜಾಗ ಕಿರಿದಾಗುತ್ತದೆ. ತೂಕ ಹತ್ತು ಪ್ರತಿಶತ ಇಳಿದರೆ ಹವಾವನ್ನೂ ಹತ್ತು ಪ್ರತಿಶತ ಇಳಿಸಿ, 18 ಪಿಎಸ್ಐ ಇದ್ದದ್ದು 16. ಟ್ಯೂಬ್ ಇರುವ ಟೈರಾದರೆ 15ಕ್ಕಿಂತ ಕೆಳಗೆ ಹೋಗಬೇಡಿ, ರಿಮ್ ಮೇಲೆ ಟೈರ್ ಜಾರಿ ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯುತ್ತದೆ. ಡಾಂಬರು ರಸ್ತೆಗೆ ಬರುವ ಮುಂಚೆ ಮತ್ತೆ ತುಂಬಿ. ಹಾಂ, ಡೋಣಿ ದಂಡೆಯ ಎರೆ ಹೊಲ ಮಳೆಯಲ್ಲಿ ನೆನೆದಿದ್ದರೆ ಈ ಯಾವ ಲೆಕ್ಕವೂ ನಡೆಯದು. ಗಾಲಿಯ ಗೂಡಿಗೆ ಎರೆ ಮಣ್ಣು ತುಂಬಿ, ನೀವು ಇಳಿಸಿದ ಭಾರವೆಲ್ಲ ವಾಪಸ್ ಏರುತ್ತದೆ. ಅಂಥ ದಿನ ಗಾಡಿ ತೆಗೆಯದಿರುವುದೇ ವಾಸಿ.

ಹಗುರಾದ ಗಾಡಿ ಎರಡು-ಮೂರು ಸೆಂಟಿಮೀಟರ್ ಎದ್ದು ನಿಲ್ಲುತ್ತದೆ, ಕಮಾನ್ ಪಾಟಾ ಬಿಗಿಯಾಗುತ್ತದೆ, ಒಂದು ಗಾಲಿ ಗಾಳಿಯಲ್ಲಿ ತೇಲುತ್ತದೆ. ಆಗ ಒಂದು ಎಲೆ ತೆಗೆಸಬಹುದು. ಮೇಲಿನ ಮುಖ್ಯ ಎಲೆ ಮತ್ತು ಅದರ ಕಿವಿ ಸುತ್ತುವ ಎರಡನೆಯದನ್ನು ಮುಟ್ಟಕೂಡದು. ನಡುವಿನದು ತೆಗೆದು ಸೆಂಟರ್ ಬೋಲ್ಟ್, ಯು ಬೋಲ್ಟ್ ಎರಡನ್ನೂ ಹೊಸದು ಹಾಕಿಸಿ. ಪಾಟಾದ ಕಿವಿಯ ಬೋಲ್ಟುಗಳನ್ನು ಗಾಡಿ ತನ್ನ ಗಾಲಿಯ ಮೇಲೆ ನಿಂತಾಗಲೇ ಬಿಗಿಸಬೇಕು, ಜಾಕ್ ಮೇಲೆ ತೂಗಾಡುವಾಗ ಬಿಗಿಸಿದರೆ ಬುಶ್ ತಿರುಚಿ ಹರಿಯುತ್ತದೆ. ಹಿಂದಿನ ಆಕ್ಸಲ್‌ಗೆ ಕೊಂಡಿ ಹಾಕಿದ ಬ್ರೇಕ್ ವಾಲ್ವ್ ಇದ್ದರೆ ಅದನ್ನೂ ಹೊಸ ಎತ್ತರಕ್ಕೆ ಹೊಂದಿಸಿ, ಇಲ್ಲದಿದ್ದರೆ ಹಿಂದಿನ ಬ್ರೇಕ್ ಲೆಕ್ಕ ತಪ್ಪುತ್ತದೆ.

ಬಾಗಿಲೊಳಗಿನ ಪಟ್ಟಿ, ಚಾಸಿಯ ಅಡ್ಡಪಟ್ಟಿ, ರೋಲ್ ಬಾರ್, ಬೆಲ್ಟ್ ಇವುಗಳಿಂದ ಒಂದು ಗ್ರಾಂ ಕೂಡ ತೆಗೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಮೂಲಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದಕ್ಕೇ ಹಿಂದಿನ ಸೀಟನ್ನು ಬೋಲ್ಟ್ ಬಿಚ್ಚಿ ಮನೆಯಲ್ಲಿಡಿ, ಕತ್ತರಿಸಬೇಡಿ. ಫಿಟ್‌ನೆಸ್‌ಗೆ ಹೋಗುವಾಗ ವಾಪಸ್ ಕೂರಿಸಬೇಕು.

ಸ್ಟೆಪ್ನಿ 18 ಕೆಜಿ ಆಸುಪಾಸು, ಹಿಂದಿನ ಬಾಗಿಲಿನ ಕೀಲನ್ನೂ ಜಗ್ಗುತ್ತದೆ. ಬಾಗಿಲಿಂದ ಇಳಿಸಿ ಒಳಗೆ ಆಕ್ಸಲ್ ಹತ್ತಿರ ನೆಲಕ್ಕೆ ಬಿಗಿಯಿರಿ, ಆದರೆ ಬಿಟ್ಟು ಮಾತ್ರ ಹೋಗಬೇಡಿ. ಬಾಗಲಕೋಟೆ, ವಿಜಯಪುರದ ಒಡ್ಡಿನ ದಾರಿಯ ಬಳ್ಳಾರಿ ಜಾಲಿ ಮುಳ್ಳು ಒಮ್ಮೆಗೆ ಎರಡು ಟೈರ್ ಪಂಕ್ಚರ್ ಮಾಡಬಲ್ಲದು, ಪಂಕ್ಚರ್ ಕಿಟ್ ಜೊತೆ ಎರಡು ಟ್ಯೂಬೂ ಇರಲಿ.