ಸತ್ಯಾಂಶ: ಬಂದೂಕು ಹಿಡಿದವರಷ್ಟೇ ಬಾಲಸೈನಿಕರಲ್ಲ

'ಬಂದೂಕು ಹಿಡಿಯದ, ತಾನಾಗಿಯೇ ಸೇರಿಕೊಂಡ ಮಗುವನ್ನು ಬಾಲಸೈನಿಕ ಎನ್ನಲಾಗದು' ಎಂಬ ಸಂದೇಶವೊಂದು ಜಯನಗರದ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. ಯುದ್ಧದಲ್ಲಿ ಮಕ್ಕಳ ಬಳಕೆ ತಡೆಯಲೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 2007ರ ಪ್ಯಾರಿಸ್ ತತ್ವಗಳ ಪ್ರಕಾರ, ಸಶಸ್ತ್ರ ಪಡೆ ಅಥವಾ ಗುಂಪುಗಳು ಅಡುಗೆಗೆ, ಹೊರೆ ಹೊರಲು, ಸುದ್ದಿ ಮುಟ್ಟಿಸಲು, ಬೇಹುಗಾರಿಕೆಗೆ ಇಲ್ಲವೇ ಲೈಂಗಿಕ ಶೋಷಣೆಗೆ ಬಳಸಿಕೊಳ್ಳುವ 18 ವರ್ಷದೊಳಗಿನ ಹುಡುಗ, ಹುಡುಗಿಯರೆಲ್ಲರೂ ಈ ವ್ಯಾಪ್ತಿಗೆ ಬರುತ್ತಾರೆ. ನೀರಿನ ಕ್ಯಾನು ಹೊತ್ತು ದಳದ ಹಿಂದೆ ನಡೆಯುವ ಹನ್ನೊಂದರ ಹುಡುಗಿಯೂ ಅವರಲ್ಲೊಬ್ಬಳು. ಇನ್ನು, ಹಸಿವು ಮತ್ತು ಭಯ ಬೆನ್ನಟ್ಟಿರುವಾಗ ಮಗು ಆಡುವ 'ಹೂಂ' ಅನ್ನು ಒಪ್ಪಿಗೆ ಎನ್ನುವುದೇ ಕಷ್ಟ. 15 ವರ್ಷದೊಳಗಿನವರನ್ನು ಪಡೆಗೆ ಸೇರಿಸಿಕೊಳ್ಳುವುದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನದಡಿ ಯುದ್ಧಾಪರಾಧ. ಕಾಂಗೋದ ಬಂಡುಕೋರ ನಾಯಕ ಥಾಮಸ್ ಲುಬಾಂಗಾನ ಪ್ರಕರಣದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು, ಮಗುವಿನ ಒಪ್ಪಿಗೆ ಆರೋಪಿಗೆ ರಕ್ಷಣೆಯಾಗದು ಎಂದು ಹೇಳಿ, 2012ರಲ್ಲಿ ಆತನಿಗೆ 14 ವರ್ಷಗಳ ಸೆರೆವಾಸ ವಿಧಿಸಿತು.